ನೀಲಿ ಮೂಲೆ

ನಾರ್ತ್ ಕ್ರೀಕ್, ಬಾಥೆಲ್
16 ಫೆಬ್ರುವರಿ 2025

ಅನಸೂಯಕ್ಕಾ,

ಫೋನಿನಲ್ಲಿ ನಾನು ಗಂಟಲು ಹರಿದುಕೊಂಡದ್ದು ನಿನ್ನೊಬ್ಬಳನ್ನು ಬಿಟ್ಟು ನಮ್ಮ ಇಡೀ ಓಣಿಗೆ ಕೇಳಿಸುತ್ತದೆ. ಕಿವಿಗೆ ಮಷೀನು ಹಾಕಿಕೋ ಎಂದರೆ "ಅದನ್ನ ಹಾಕ್ಕೊಂಡ್ರ ಬ್ಯಾಡಾದ್ದೆಲ್ಲಾ ಕೇಳಸ್ತೈತಿ" ಎನ್ನುತ್ತೀ. ಆದ್ದರಿಂದ ಇನ್ನು ಮೇಲೆ ಕಾಗದವೇ ಸರಿ. ಅಮೆರಿಕದಿಂದ ಧಾರವಾಡ ಮುಟ್ಟಲು ಎರಡು ಮೂರು ವಾರ ಬೇಕಂತೆ. ಬೇಕಾಗಲಿ. ನಮಗಿಬ್ಬರಿಗೂ ಈಗ ಯಾವ ಅವಸರವಿದೆ?

ನಿನಗೆ ನಸೀಬ್ ಕೌರ್ ಬಗ್ಗೆ ಹೇಳಬೇಕು. ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ ಇರುವ ಪಂಜಾಬಿ ಹೆಂಗಸು. ನಿನ್ನ ವಯಸ್ಸಿನವಳು, ನಿನ್ನಷ್ಟೇ ಹಟಮಾರಿ. ಗಂಡ ತೀರಿಹೋಗಿದ್ದಾನೆ, ಮನೆಯಲ್ಲಿ ಒಬ್ಬಳೇ. ಬೆಳಿಗ್ಗೆ ಹಳ್ಳದ ದಂಡೆಯ ದಾರಿಯಲ್ಲಿ ನಾವಿಬ್ಬರೂ ನಡೆಯುತ್ತೇವೆ. ಆಕೆಗೆ ಕನ್ನಡ ಬಾರದು, ನನಗೆ ಪಂಜಾಬಿ ಬಾರದು. ಇಬ್ಬರೂ ಸೇರಿ ಹಿಂದಿಯ ಕೈಕಾಲು ಮುರಿಯುತ್ತೇವೆ. ಈ ತಿಂಗಳಲ್ಲಿ ಇಲ್ಲಿ ಬೆಳಕು ಹರಿಯುವುದೇ ಇಲ್ಲ, ಕತ್ತಲೆ ಸ್ವಲ್ಪ ತೆಳುವಾಗುತ್ತದೆ ಅಷ್ಟೇ. ಮಂಜಿನೊಳಗಿಂದ ಒಂದು ಬೂದುಬಣ್ಣದ ಕೊಕ್ಕರೆ ಎದ್ದು ನಮ್ಮ ಪಕ್ಕದಲ್ಲೇ ಹಾರಿ ಹೋದರೂ ರೆಕ್ಕೆಯ ಸದ್ದು ಕೇಳಿದ ಮೇಲೆಯೇ ಗೊತ್ತಾಗುವುದು. ಎಷ್ಟೋ ದಿನ ನಾನು ಇನ್ನೂ ಹಾಸಿಗೆಯಲ್ಲೇ ಇದ್ದೇನೆ, ನಡೆಯುತ್ತಿರುವುದು ಕನಸಿನಲ್ಲಿ ಎನ್ನಿಸುತ್ತದೆ.

ಆಕೆಯ ಕಣ್ಣು ಕೆಟ್ಟಿವೆ. ನೋಡಿದ್ದರ ನಡುಮಧ್ಯೆ ಮಬ್ಬು, ಸುತ್ತಲಿನ ಅಂಚು ಮಾತ್ರ ಸ್ಪಷ್ಟ. ನನ್ನ ಮುಖ ಕಾಣಬೇಕಾದರೆ ನನ್ನ ಕಿವಿಯ ಪಕ್ಕದ ಮರವನ್ನು ನೋಡುತ್ತಾಳೆ. ಡಾಕ್ಟರು ಇದು ಹೆಚ್ಚುತ್ತಲೇ ಹೋಗುತ್ತದೆ ಎಂದಿದ್ದಾರಂತೆ.

ಒಬ್ಬಳೇ ಮಗಳು, ರವ್ನೀತ್. ಬೆಲ್ವ್ಯೂ ಪಕ್ಕದ ಈಸ್ಟ್‌ಗೇಟಿನಲ್ಲಿದ್ದಾಳೆ. ಕಾರಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಆರು ವರ್ಷದಿಂದ ತಾಯಿಯ ಮನೆಯ ಹೊಸ್ತಿಲು ತುಳಿದಿಲ್ಲ. ನಡೆದದ್ದು ಇಷ್ಟು: ಗಂಡ ಹೆಂಡತಿ ಪಂಜಾಬಕ್ಕೆ ಹೋಗಿದ್ದಾಗ ಅಲ್ಲೇ ಆತನಿಗೆ ಎದೆನೋವು ಬಂದು ತೀರಿಕೊಂಡ. ಇಲ್ಲಿ ರವ್ನೀತ್ ತುಂಬು ಗರ್ಭಿಣಿ. ಸುದ್ದಿ ಕೇಳಿ ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದೀತೆಂದು ನಸೀಬ್ ಯಾರಿಗೂ ಬಾಯಿ ಬಿಡಗೊಡಲಿಲ್ಲ. ಹೆರಿಗೆಯಾದ ಮೇಲೆ ಹೇಳಿದಳು. ಅಷ್ಟರಲ್ಲಿ ಅಪ್ಪನ ಚಿತೆ ಆರಿ ತಿಂಗಳು ಕಳೆದಿತ್ತು. ಅಂದು ಫೋನು ಇಟ್ಟ ಮಗಳು ಮತ್ತೆ ಮಾತಾಡಲಿಲ್ಲ. ಮೊಮ್ಮಗಳನ್ನು ನಸೀಬ್ ಫೋಟೋದಲ್ಲಿ ಮಾತ್ರ ಕಂಡಿದ್ದಾಳೆ. ಈಗ ಫೋಟೋ ಕೂಡ ಕಾಣುವುದಿಲ್ಲ.

ಮೇ ತಿಂಗಳಿನಲ್ಲಿ ಕೆಂಟ್ ಊರಿನಲ್ಲಿ ಪಂಜಾಬಿಗಳು ಸೇರಿ ಅಮ್ಮಂದಿರಿಗೆ ಮರ್ಯಾದೆ ಮಾಡುವ ಒಂದು ಸಮಾರಂಭ ಇಟ್ಟುಕೊಂಡಿದ್ದಾರೆ. "ಮಾವಾಂ ದಾ ಮೇಲಾ" ಎನ್ನುತ್ತಾರೆ, ಅಮ್ಮಂದಿರ ಜಾತ್ರೆ. ತಾಯಂದಿರನ್ನು ಸಾಲಾಗಿ ಕೂರಿಸುತ್ತಾರೆ. ಮಕ್ಕಳು ಬಂದು ತಾಯಿಯ ತಲೆಯ ಮೇಲೆ ಫುಲ್ಕಾರಿ ಹೊದಿಸಿ ಕಾಲು ಮುಟ್ಟುತ್ತಾರೆ. ಫುಲ್ಕಾರಿ ಎಂದರೆ ಅವರ ಕಸೂತಿಯ ಮೇಲುಹೊದಿಕೆ. ಬಟ್ಟೆಯೇ ಕಾಣದಂತೆ ರೇಷ್ಮೆ ತುಂಬಿಬಿಟ್ಟರೆ ಅದಕ್ಕೆ ಬಾಗ್ ಎಂದು ಹೆಸರು, ತೋಟ ಎಂದರ್ಥ. ಮಗಳ ಮದುವೆಗೆಂದು ತಾಯಿ ಅದನ್ನು ವರ್ಷಗಟ್ಟಲೆ ಹೊಲಿಯುತ್ತಾಳೆ. ನಸೀಬ್ ಹೊಲಿದದ್ದು ಪೆಟ್ಟಿಗೆಯಲ್ಲೇ ಉಳಿದಿದೆ. ರವ್ನೀತ್ ಕೋರ್ಟಿನಲ್ಲಿ ಮದುವೆಯಾಗಿ, ಆಮೇಲೆ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಳಂತೆ. ಮೇಳದ ಸಂಘಟಕರ ಮೂಲಕ ಈ ಸಲ ಮಗಳಿಗೆ ಹೇಳಿಕಳಿಸಿದ್ದಾಳೆ. "ನೋಡ್ತೀನಿ" ಎಂದು ಉತ್ತರ ಬಂದಿದೆ. ಆ ಒಂದು ಮಾತನ್ನು ಆಕೆ ದಿನಾ ನನಗೆ ಹೇಳುತ್ತಾಳೆ.

ನಿನ್ನೆ ಬಾಗ್ ತಂದು ನನ್ನ ಮಡಿಲಿಗೆ ಹಾಕಿದಳು. ಪೆಟ್ಟಿಗೆಯ ಕೊಂಡಿಗೆ ಸಿಕ್ಕು ಅಂಚಿನಲ್ಲಿ ಎಳೆ ಎದ್ದಿವೆ. "ನನ್ನ ಕಣ್ಣು ಹೋಯ್ತು ರಾಜೀ. ನಿನ್ನ ಕೈ ಒಳ್ಳೇದು ಅಂತ ಗೊತ್ತು. ಎದ್ದಿರೋ ಕಡೆ ಮಾತ್ರ ಸರಿ ಮಾಡಿ ಕೊಡು, ಅವಳು ಬರ್ತಾಳೆ" ಎಂದಳು.

ಅವಳು ಬಂದರೆ ಸಾಕು ಎಂದು ನಾನೂ ಬೇಡಿಕೊಳ್ಳುತ್ತಿದ್ದೇನೆ. ಇವರು ಆರಾಮ. ಸಾಕ್ಸ್ ಹಾಕಿಕೊಂಡು ಮಲಗು.

ನಿನ್ನ ತಂಗಿ
ರಾಜೇಶ್ವರಿ


ಧಾರವಾಡ
8 ಮಾರ್ಚ್ 2025

ರಾಜೀ,

ಕಾಗದ ಮುಟ್ಟಿತು. ಪೋಸ್ಟಿನವನು ಅಮೆರಿಕದ ಸ್ಟ್ಯಾಂಪು ತನಗೆ ಬೇಕು ಎಂದು ಬಾಗಿಲಲ್ಲೇ ನಿಂತ. ಮೊದಲು ಓದುತ್ತೇನೆ, ಆಮೇಲೆ ಕೊಡುತ್ತೇನೆ ಎಂದು ಕಳಿಸಿದೆ. ಮೂರು ಸಲ ಓದಿದೆ. ಕಿವಿ ಹೋದರೂ ನಿನ್ನ ಬಡಬಡಿಕೆ ತಪ್ಪಲಿಲ್ಲ ನೋಡು.

ಆ ಪಂಜಾಬಿ ಹೆಂಗಸಿನ ಮೇಲೆ ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಅಪ್ಪ ಸತ್ತದ್ದನ್ನು ಮಗಳಿಗೆ ಹೇಳದೆ ಹೇಗಿದ್ದಳು? ಆದರೆ ಅವಳ ಜಾಗದಲ್ಲಿ ನಾನಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ತುಂಬಿದ ಹೊಟ್ಟೆಯ ಹೆಣ್ಣುಮಗಳ ಎದುರಿಗೆ ನಾಲಿಗೆ ಏಳುತ್ತದೆಯೇ?

ಹೊಲಿಗೆಯ ವಿಷಯಕ್ಕೆ ಬಾ. ನೀನು ಹೆದರಿಕೊಂಡು ಬರೆದಂತೆ ಕಂಡಿತು. ಗಂಗವ್ವನ ಮಗಳು ನೀನು. ಅವ್ವ ನಮ್ಮಿಬ್ಬರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಇಳಕಲ್ ಸೀರೆಯ ಸೆರಗಿಗೆ ಕಸೂತಿಯ ಗೋಪುರ ಹಾಕಿಸುತ್ತಿದ್ದದ್ದು ಮರೆತೆಯಾ? ಹಿಂದೆ ಮುಂದೆ ಒಂದೇ ಥರ ಕಾಣಬೇಕು, ಗಂಟು ಬೀಳಕೂಡದು. ಒಂದೇ ಒಂದು ಎಳೆ ವಾರೆಯಾದರೆ ಮಾತಿಲ್ಲದೆ ಸೂಜಿಯ ತುದಿಯಿಂದ ಬಿಚ್ಚಿ ನಮ್ಮ ಕೈಗೆ ಕೊಡುತ್ತಿದ್ದಳು. "ಮತ್ತ ಹಾಕು." ಅಷ್ಟೇ. ಬೈಗುಳವಾದರೂ ಸಹಿಸಬಹುದಿತ್ತು, ಆ ಎರಡು ಮಾತು ಸಹಿಸಲಾಗುತ್ತಿರಲಿಲ್ಲ.

ಎದ್ದ ಎಳೆ ಮಾತ್ರ ಕೂರಿಸಿ ಕೈತೊಳೆದುಕೊಳ್ಳಬೇಡ. ಅಷ್ಟು ಜನರ ಎದುರಿಗೆ ಬಿಚ್ಚುವ ಬಟ್ಟೆ. ಎಲ್ಲೆಲ್ಲಿ ಸೊಟ್ಟ ಇದೆಯೋ ಅಲ್ಲೆಲ್ಲ ಸರಿಮಾಡು. ಧಾರವಾಡದ ಕೈ ಅಂದರೆ ಏನು ಎನ್ನುವುದು ಆ ಪಂಜಾಬದವರಿಗೂ ತಿಳಿಯಲಿ.

ನಿನ್ನ ಗಂಡ ಶೇಖರಪ್ಪನಿಗೆ ಬಿ.ಪಿ. ಗುಳಿಗೆ ತಪ್ಪಿಸಬೇಡ ಎನ್ನು.

ಅಕ್ಕ
ಅನಸೂಯಾ


ನಾರ್ತ್ ಕ್ರೀಕ್
27 ಮಾರ್ಚ್ 2025

ಅಕ್ಕಾ,

ನಿನ್ನೆ ನಿನ್ನ ಕಾಗದ ಬಂತು. ಬಾಗ್ ಇವತ್ತು ಮುಗಿಯಿತು.

ಒಂದು ತಿಂಗಳು ನಾನು ಈ ಲೋಕದಲ್ಲಿ ಇರಲಿಲ್ಲ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರೆ ಮಧ್ಯಾಹ್ನ ಯಾವಾಗ ಆಯಿತೋ, ಸಂಜೆ ಯಾವಾಗ ಆಯಿತೋ. ಹೊರಗೆ ಜಿಟಿಜಿಟಿ ಮಳೆ, ಮಡಿಲಲ್ಲಿ ಕುಸುಬೆಯ ಹೊಲ. ನಿಜವಾಗಿ ಹಾಗೆಯೇ ಕಾಣುತ್ತದೆ ಅಕ್ಕಾ, ನವಲಗುಂದದ ದಾರಿಯಲ್ಲಿ ಹೂ ಬಿಟ್ಟಾಗ ಕಾಣುವ ಹೊಲ. ಕೆಂಪು ಖಾದಿಯ ಮೇಲೆ ಹುರಿಮಾಡದ ರೇಷ್ಮೆ, ಬಂಗಾರದ ಹಳದಿ. ಎಳೆ ಅಡ್ಡ ಹಾಕಿದ ಕಡೆ ಒಂದು ಹೊಳಪು, ಉದ್ದ ಹಾಕಿದ ಕಡೆ ಇನ್ನೊಂದು. ಬಟ್ಟೆ ಸ್ವಲ್ಪ ಸರಿಸಿದರೆ ಗಾಳಿ ಬೀಸಿದಂತೆ ಹೊಲವೇ ಹೊರಳುತ್ತದೆ.

ಹೊಲಿಗೆ ನಮ್ಮ ಕಸೂತಿಯ ನೇಗಿ ಎಳೆಯಂಥದೇ. ಆದರೆ ಅವರು ಬಟ್ಟೆಯನ್ನು ಬೋರಲು ಹಿಡಿದು ಹಿಂಭಾಗದಿಂದ ಹೊಲಿಯುತ್ತಾರೆ. ಹೂವೆಲ್ಲ ಆಚೆ ಬದಿಗೆ ಅರಳುತ್ತದೆ. ಹೊಲಿಯುವವಳಿಗೆ ಕಾಣುವುದು ಸಾಲು ಸಾಲು ಚುಕ್ಕೆ ಮಾತ್ರ. ಮೊದಲು ನನಗೆ ತಲೆ ತಿರುಗಿತು. ಆಮೇಲೆ ಅದರಲ್ಲಿ ಎಂಥ ಸುಖ ಎನ್ನುತ್ತೀ! ಎಳೆ ಎಣಿಸುತ್ತ ಎಣಿಸುತ್ತ ಕಣ್ಣು ಮುಚ್ಚಿದರೆ ಅವ್ವ ಕಟ್ಟೆಯ ಮೇಲೆ ಕೂತಿರುತ್ತಿದ್ದಳು, ಪಕ್ಕದಲ್ಲಿ ನಸೀಬ್ ಕೌರ್. ಇಬ್ಬರೂ ಯಾವುದೋ ಭಾಷೆಯಲ್ಲಿ ಮಾತಾಡುತ್ತಿದ್ದರು, ನನಗೆ ಎಲ್ಲವೂ ತಿಳಿಯುತ್ತಿತ್ತು. ಎಚ್ಚರವಾದರೆ ಕೈ ತನ್ನಷ್ಟಕ್ಕೆ ಎರಡು ಸಾಲು ಮುಂದೆ ಹೋಗಿರುತ್ತಿತ್ತು. ಇವರು ಬಂದು "ಏನ ನಕ್ಕೋತ ಕುಂತೀ ಒಬ್ಬಾಕಿನ?" ಎಂದು ಕೇಳುತ್ತಿದ್ದರು.

ಒಂದು ಮೂಲೆಯ ವಿಷಯ ಹೇಳಬೇಕು. ಇಡೀ ಬಾಗಿನಲ್ಲಿ ಹಳದಿ ಬಿಟ್ಟು ಬೇರೆ ಬಣ್ಣವಿಲ್ಲ. ಆದರೆ ಕೆಳಗಿನ ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ನೀಲಿ ತುಂಬಿತ್ತು. ಅದೂ ಎಂಥ ಹೊಲಿಗೆ! ಒಂದು ಎಳೆ ಉದ್ದ, ಒಂದು ಗಿಡ್ಡ, ನಡುವೆ ಬಟ್ಟೆ ಸುಕ್ಕು. ಹಳದಿ ದಾರ ತೀರಿತ್ತೋ ಏನೋ, ಅಥವಾ ಕಣ್ಣು ಆಗಲೇ ಕೈಕೊಡಲು ಸುರುವಾಗಿತ್ತೋ. ಪಾಪ, ಸೋತು ಏನೋ ಒಂದು ತುಂಬಿ ಮುಗಿಸಿದ್ದಾಳೆ ಎನ್ನಿಸಿತು. ಎರಡು ದಿನ ನೋಡಿದೆ, ಸುಮ್ಮನಿದ್ದೆ. ನಿನ್ನೆ ನಿನ್ನ ಕಾಗದ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನೀಲಿ ಅಷ್ಟನ್ನೂ ಬಿಚ್ಚಿ, ಅಳತೆಗೆ ಸರಿಯಾಗಿ ಹಳದಿ ತುಂಬಿದೆ. ಈಗ ಯಾವ ಮೂಲೆ ಎಂದು ನನಗೇ ಗುರುತು ಹತ್ತುವುದಿಲ್ಲ!

ನಸೀಬ್‌ಗೆ ಹೇಳಿಲ್ಲ. ಅವಳ ಮಗಳು ಅಷ್ಟು ಜನರ ಮುಂದೆ ಬಿಚ್ಚಿದಾಗ ಒಂದು ಕುಂದೂ ಕಾಣದಿರಲಿ. ನನ್ನದೊಂದು ಉಡುಗೊರೆ ಎಂದುಕೊಂಡಿದ್ದೇನೆ. ಇಷ್ಟು ಸಂತೋಷ ನನಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ.

ನಿನ್ನ
ರಾಜಿ


ನಾರ್ತ್ ಕ್ರೀಕ್
6 ಏಪ್ರಿಲ್ 2025

ಅಕ್ಕಾ,

ಹಿಂದಿನ ಕಾಗದ ಇನ್ನೂ ದಾರಿಯಲ್ಲಿರಬೇಕು. ಅದನ್ನು ಓದಬೇಡ ಎಂದು ಹೇಳೋಣವೆಂದರೆ ಇದು ಅದರ ಹಿಂದೆಯೇ ಬರುತ್ತದೆ.

ಇವತ್ತು ಬೆಳಿಗ್ಗೆ ನಡೆಯುವಾಗ ನಸೀಬ್ ಬಹಳ ಖುಷಿಯಲ್ಲಿದ್ದಳು. ಹಳ್ಳದ ದಂಡೆಯ ಚೆರಿ ಮರ ಹೂ ಬಿಟ್ಟಿವೆ. ನಡುವಿನ ಮಬ್ಬಿನ ಸುತ್ತ ಗುಲಾಬಿ ಬಣ್ಣ ಹರಡಿದೆ ಎಂದಳು. ಇದ್ದಕ್ಕಿದ್ದಂತೆ ಕೇಳಿದಳು: "ಮೂಲೆಯಲ್ಲಿ ನೀಲಿ ನೋಡಿದೆಯಲ್ಲ?"

ಹೂಂ ಎಂದೆ.

"ಅದು ರವ್ನೀತಳ ಕೈ" ಎಂದಳು. ಜಗರಾಂವ್ ಹತ್ತಿರದ ಅವರ ಹಳ್ಳಿಯಲ್ಲಿ, ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ನಸೀಬ್ ಹೊಲಿಯುತ್ತಿದ್ದಳಂತೆ. ಶಾಲೆಯ ರಜೆ. ಪುಟ್ಟ ರವ್ನೀತ್ ತನಗೂ ಸೂಜಿ ಬೇಕೆಂದು ಅತ್ತು ಕರೆದು ರಂಪ ಮಾಡಿದಳಂತೆ. "ನಮ್ಮಲ್ಲಿ ಬಾಗ್ ಪೂರ್ತಿ ಚೆಂದ ಆಗಬಾರದು, ನಜರ್ ತಾಕುತ್ತೆ. ಎಲ್ಲಾದರೂ ಒಂದು ತುಣುಕು ಬೇರೆ ಬಣ್ಣ ಬಿಡ್ತೀವಿ. ಆ ಜಾಗ ಅವಳಿಗೆ ಕೊಟ್ಟುಬಿಟ್ಟೆ. ನಾಲಿಗೆ ಹೊರಗೆ ಹಾಕಿಕೊಂಡು ಹೊಲಿದಳು. ಅವಳಪ್ಪ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡ್ತಾ ಇದ್ದ." ಇಷ್ಟು ಹೇಳಿ ನಕ್ಕಳು. "ಅವಳಿಗೆ ನೆನಪಿರಲ್ಲ ಬಿಡು. ನಾನೇ ತೋರಿಸ್ತೀನಿ. ಬೇರೇನೂ ಮಾತಾಡೋಕೆ ನನಗೆ ಬರಲ್ಲ ರಾಜೀ. ಅದನ್ನ ತೋರಿಸ್ತೀನಿ, ಅಷ್ಟೇ."

ನನ್ನ ಕಾಲು ನಿಂತವು. ಏನಾಯಿತು ಎಂದು ಕೇಳಿದಳು. ಶೂ ದಾರ ಬಿಚ್ಚಿದೆ ಎಂದು ಬಗ್ಗಿ ಕೂತುಬಿಟ್ಟೆ.

ನಮ್ಮಲ್ಲೂ ಕೂಸಿನ ಗಲ್ಲಕ್ಕೆ ದೃಷ್ಟಿಬೊಟ್ಟು ಇಡುತ್ತೇವಲ್ಲ ಅಕ್ಕಾ. ನನಗೆ ಯಾಕೆ ಹೊಳೆಯಲಿಲ್ಲ? ಆ ಬೊಟ್ಟನ್ನು ಕೊಳೆ ಎಂದು ತಿಕ್ಕಿ ತೊಳೆದವಳು ನಾನು. ಬಿಚ್ಚಿದ ನೀಲಿ ಎಳೆಗಳನ್ನು ಕೊತ್ತಂಬರಿ ದಂಟಿನ ಜೊತೆ ಕಸಕ್ಕೆ ಹಾಕಿದ್ದೆ. ಮನೆಗೆ ಓಡಿಬಂದು ಹಸಿರು ಡಬ್ಬಿಗೆ ಕೈ ಹಾಕಿದೆ, ತಳ ಖಾಲಿ. ಗುರುವಾರವೇ ಕಸದ ಲಾರಿ ಬಂದು ಹೋಗಿದೆ.

ಬಾಗ್ ಇನ್ನೂ ನನ್ನ ಕಪಾಟಿನಲ್ಲಿದೆ. ಮುಗಿದಿಲ್ಲ ಎಂದು ಸುಳ್ಳು ಹೇಳಿದ್ದೇನೆ. ಏನು ಮಾಡಲಿ, ಬೇಗ ಬರೆ. ಬೇಗ ಬರೆದರೂ ಬೇಗ ಬರುವುದಿಲ್ಲ ಎನ್ನುವುದೂ ಗೊತ್ತು.

ರಾಜಿ


ಧಾರವಾಡ
12 ಏಪ್ರಿಲ್ 2025

ರಾಜೀ,

ಭಲೆ! ನಿನ್ನ ಕಾಗದ ಓದಿ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನನ್ನ ಚಪ್ಪಾಳೆ ನನಗೇ ಕೇಳಲಿಲ್ಲ, ಆ ಮಾತು ಬೇರೆ. ನೀಲಿ ಬಿಚ್ಚಿ ಹಾಕಿದ್ದು ಬಹಳ ಚಲೋ ಆಯಿತು. ಹಳದಿ ಹೊಲದಲ್ಲಿ ನೀಲಿ ತೇಪೆ ಇದ್ದರೆ ಯಾರು ಒಪ್ಪುತ್ತಾರೆ? ಅವ್ವ ಇದ್ದಿದ್ದರೆ ಆ ಮೂಲೆ ಮುಟ್ಟಿ ನೋಡಿ, ಏನೂ ಅನ್ನದೆ ಒಂದು ಬೆಲ್ಲದ ಚೂರು ನಿನ್ನ ಕೈಗೆ ಇಡುತ್ತಿದ್ದಳು. ಸಮಾರಂಭ ಆದ ಮೇಲೆ ಆ ಹೆಂಗಸು ಏನೆಂದಳು ಎಂದು ಮರೆಯದೆ ಬರೆ. ನಾನು ಇಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ.

ಅಕ್ಕ
ಅನಸೂಯಾ


ನಾರ್ತ್ ಕ್ರೀಕ್
24 ಏಪ್ರಿಲ್ 2025

ಅಕ್ಕಾ,

ನೀನು ಏನು ಬರೆದೆಯೋ, ಇನ್ನೂ ಬಂದಿಲ್ಲ. ಕಾಯಲಾಗಲಿಲ್ಲ.

ಮೊದಲು ಕಳ್ಳತನಕ್ಕೇ ಇಳಿದೆ. ಬೆಲ್ವ್ಯೂ ತನಕ ಹೋಗಿ ಅದೇ ನೀಲಿಗೆ ಹತ್ತಿರದ ರೇಷ್ಮೆ ತಂದೆ. ಬೇರೆ ಚಿಂದಿಯ ಮೇಲೆ ಸೊಟ್ಟಪಟ್ಟ ಹೊಲಿಯಲು ಕೂತೆ. ಬರುವುದಿಲ್ಲ ಅಕ್ಕಾ! ಅವ್ವ ನಮಗೆ ಸೊಟ್ಟ ಹೊಲಿಯುವುದನ್ನು ಕಲಿಸಲೇ ಇಲ್ಲ. ಬೇಕೆಂದೇ ವಾರೆ ಹಾಕಿದರೆ ವಾರೆಯೂ ಅಚ್ಚುಕಟ್ಟಾಗಿ ಕೂರುತ್ತದೆ. ಎಡಗೈಯಲ್ಲಿ ಹಾಕಿದೆ, ಮುದುಕಿಯ ನಡುಕದಂತೆ ಕಂಡಿತು. ಆ ಮಗುವಿನ ಹೊಲಿಗೆಯಲ್ಲಿ ನಡುಕವಿರಲಿಲ್ಲ. ಅವಸರವಿತ್ತು, ಹಿಗ್ಗಿತ್ತು. ಅದನ್ನು ನಾನು ಎಲ್ಲಿಂದ ತರಲಿ?

ಚಿಂದಿ ನೋಡಿ ಇವರು ಹೇಳಿದರು: "ಮಗಳಿಗೆ ಹೇಳಲಾರದ್ದಕ್ಕ ಆಕಿ ಆರು ವರ್ಷ ಅನುಭವಿಸ್ಯಾಳ. ಈಗ ನೀ ಆಕಿಗೆ ಹೇಳಲಾರದ ಇರ್ತೀಯೇನು?" ಆ ಮಾತು ಕೇಳಿದ ಮೇಲೆ ಚಿಂದಿ, ನೀಲಿ ರೇಷ್ಮೆ ಎರಡನ್ನೂ ಎತ್ತಿಟ್ಟೆ.

ಭಾನುವಾರ ಬಾಗ್ ಎತ್ತಿಕೊಂಡು ಹೋದೆ. ಆಕೆ ಚಹಾ ಮಾಡಿದಳು. ಸೋಂಪಿನ ವಾಸನೆ ಇಡೀ ಮನೆಯಲ್ಲಿ. ಆಕೆಯ ಬೆರಳನ್ನು ಹಿಡಿದು ಆ ಮೂಲೆಯ ಮೇಲೆ ಇಟ್ಟು ಹೇಳಿದೆ. ನನ್ನ ಹಿಂದಿ ಯಾವತ್ತೂ ಅಷ್ಟು ಸ್ಪಷ್ಟವಾಗಿ ಬಂದಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅತ್ತುಬಿಟ್ಟೆ.

ಆಕೆಯ ಬೆರಳು ಆ ಮೂಲೆಯ ಮೇಲೆ ಬಹಳ ಹೊತ್ತು ಆಡಿತು. ಕಳೆದುಹೋದ ಕಡಲೆಕಾಳನ್ನು ಕತ್ತಲಲ್ಲಿ ಹುಡುಕಿದಂತೆ. ಆಮೇಲೆ, "ಎಷ್ಟು ನಯವಾಗಿದೆ" ಎಂದಳು.

ಅಕ್ಕಾ, ಆಕೆ ನನ್ನನ್ನು ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಆಕೆ ನನ್ನ ಬೆನ್ನು ತಟ್ಟಿದಳು, ಅಳಬೇಡ ಎಂದಳು. ನಂತರ ಬಾಗನ್ನು ಮಡಚಿ ಎದೆಗೆ ಒತ್ತಿಕೊಂಡು, "ಈಗ ಮನೆಗೆ ಹೋಗು ರಾಜೀ" ಎಂದಳು. ಚಹಾ ಇನ್ನೂ ಬಿಸಿಯಿತ್ತು.

ಅವತ್ತಿನಿಂದ ನಡೆಯಲು ಬರುತ್ತಿಲ್ಲ. ನಾನೊಬ್ಬಳೇ ಹೋಗುತ್ತೇನೆ. ಚೆರಿ ಹೂವೆಲ್ಲ ಉದುರಿ ಹಳ್ಳದ ನೀರಿನ ಮೇಲೆ ತೇಲುತ್ತಿದೆ. ಕೆಲವೊಮ್ಮೆ ಪಕ್ಕದಲ್ಲಿ ಚಪ್ಪಲಿ ಎಳೆದಂತೆ ಸದ್ದು ಕೇಳುತ್ತದೆ, ತಿರುಗಿ ನೋಡುತ್ತೇನೆ. ಯಾರೂ ಇರುವುದಿಲ್ಲ. ಆಕೆಯ ಕಿಟಕಿಯ ಪರದೆ ಮುಚ್ಚಿಯೇ ಇದೆ. ನನಗೆ ಆಕೆ ಬೇಕು ಅಕ್ಕಾ. ಈ ಊರಿನಲ್ಲಿ ಇಷ್ಟು ವರ್ಷ ಇದ್ದು ನಾನು ಸಂಪಾದಿಸಿದ ಗೆಳತಿ ಆಕೆಯೊಬ್ಬಳೇ.

ರಾಜಿ


ಧಾರವಾಡ
28 ಏಪ್ರಿಲ್ 2025

ರಾಜೀ,

ನಿನ್ನ ಆರನೇ ತಾರೀಖಿನ ಕಾಗದ ಈಗ ಬಂತು. ನನ್ನ ಚಪ್ಪಾಳೆಯ ಕಾಗದ ಅಷ್ಟರಲ್ಲಿ ನಿನ್ನನ್ನು ಮುಟ್ಟದಿರಲಿ ದೇವರೇ ಎಂದುಕೊಂಡೆ. ಮುಟ್ಟಿದ್ದರೆ ಹರಿದು ಒಗೆ. ಉಬ್ಬಿಸಿ ಕಳಿಸಿದವಳು ನಾನು. ಸೊಟ್ಟ ಕಂಡರೆ ಬಿಚ್ಚು ಎಂದು ಬರೆದ ಕೈ ಇದೇ. ಇದರಲ್ಲಿ ಅರ್ಧ ಪಾಪ ನನ್ನದು, ಅದನ್ನು ನನಗೆ ಬಿಡು.

ಬಚ್ಚಿಡಬೇಡ. ಮಗಳು ನೋಡುವ ಮೊದಲು ನೀನೇ ಆಕೆಯ ಮನೆಗೆ ಹೋಗಿ ಹೇಳು. ಒಂದು ಮಾತು ನೆನಪಿಡು: ಅಲ್ಲಿ ಅಳಬೇಡ. ನೀನು ಅತ್ತರೆ ಆಕೆ ತನ್ನ ದುಃಖ ಬಿಟ್ಟು ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಕ್ಷಮಿಸು ಎಂದೂ ಕೇಳಬೇಡ. ಹೇಳಿ, ಸುಮ್ಮನೆ ಕೂತುಬಿಡು. ಹೋಗು ಎಂದರೆ ಹೋಗು. ಮರುದಿನ ಮತ್ತೆ ಹೋಗು.

ಅಕ್ಕ


ನಾರ್ತ್ ಕ್ರೀಕ್
25 ಮೇ 2025

ಅನಸೂಯಕ್ಕಾ,

ನಿನ್ನ ಎರಡೂ ಕಾಗದ ಬಂದವು. ಚಪ್ಪಾಳೆಯದು ಸಮಾರಂಭಕ್ಕೆ ಒಂದು ವಾರ ಮೊದಲು ಬಂತು, ಅಳಬೇಡ ಎಂದದ್ದು ಎಲ್ಲ ಮುಗಿದ ಮೇಲೆ. ನಾನು ಅತ್ತಿದ್ದೆ, ಆಕೆ ನನ್ನ ಬೆನ್ನು ತಟ್ಟಿದ್ದಳು. ನಿನಗೆ ಅಷ್ಟು ದೂರದಿಂದ ಹೇಗೆ ಗೊತ್ತಾಗುತ್ತದೆಯೋ.

ಹತ್ತನೇ ತಾರೀಖು ಕೆಂಟಿಗೆ ಆಕೆಯನ್ನು ಕರೆದುಕೊಂಡು ಹೋಗುವುದಾಗಿ ಫೆಬ್ರುವರಿಯಲ್ಲೇ ಒಪ್ಪಿದ್ದೆ. ಬೇಡ ಎಂದು ಆಕೆ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಕಾರು ತೆಗೆದುಕೊಂಡು ಹೋಗಿ ಅವರ ಮನೆಯ ಮುಂದೆ ನಿಲ್ಲಿಸಿ ಕೂತೆ. ಎಷ್ಟೋ ಹೊತ್ತಿಗೆ ಬಾಗಿಲು ತೆರೆಯಿತು. ಬಿಳಿ ಸಲ್ವಾರ್, ಕಂಕುಳಲ್ಲಿ ಬಾಗ್. ಯಾವತ್ತೂ ನನ್ನ ಪಕ್ಕ ಕೂರುವವಳು ಹಿಂದಿನ ಬಾಗಿಲು ತೆಗೆದು ಹಿಂದೆ ಕೂತಳು. ರಸ್ತೆಯ ಎರಡೂ ಬದಿಯಿಂದ ಹತ್ತಿಯಂಥ ಬಿಳಿ ಅರಳೆ ತೇಲಿ ಬರುತ್ತಿತ್ತು. ಮೇ ತಿಂಗಳಿನಲ್ಲಿ ಇಲ್ಲಿಯ ಮರಗಳು ಹಾಗೆ ಬಿಡುತ್ತವೆ. ಕನ್ನಡಿಯಲ್ಲಿ ನೋಡಿದರೆ ಆಕೆಯ ಮುಖ ಆ ಅರಳೆಯೊಳಗೆ ಎಲ್ಲೋ ದೂರ ತೇಲುತ್ತಿದ್ದಂತೆ ಕಂಡಿತು.

ಆ ಹಾಲ್ ನೋಡಬೇಕಿತ್ತು ನೀನು. ಬಾಗಿಲಿಂದ ವೇದಿಕೆಯ ತನಕ ಬಣ್ಣವೇ ಬಣ್ಣ, ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಯುತ್ತಿದೆ. ಹೆಂಗಸರು ಗುಂಡಗೆ ನಿಂತು ಗಿದ್ಧಾ ಹಾಕುತ್ತಿದ್ದರು. ನಡುವೆ ಬಂದು ಒಬ್ಬಳು ಒಂದು ಸಾಲು ಹಾಡುತ್ತಾಳೆ, ಉಳಿದವರು ಚಪ್ಪಾಳೆ ತಟ್ಟಿ ಅದನ್ನು ಎತ್ತಿಕೊಳ್ಳುತ್ತಾರೆ. ಆ ಚಪ್ಪಾಳೆ ನಿನಗೂ ಕೇಳಿಸುತ್ತಿತ್ತು. ಎಂಬತ್ತು ದಾಟಿದ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ತಿರುಗಿದಾಗ ನನಗೂ ಒಂದು ಕ್ಷಣ ಎಲ್ಲ ಮರೆಯಿತು.

ಆಮೇಲೆ ತಾಯಂದಿರನ್ನು ವೇದಿಕೆಯ ಮೇಲೆ ಹೆಣೆದ ಪೀಠಗಳಲ್ಲಿ ಕೂರಿಸಿದರು. ಒಬ್ಬೊಬ್ಬರ ಹೆಸರು ಕರೆದಂತೆ ಮಕ್ಕಳು ಬಂದರು. ಫುಲ್ಕಾರಿ ಹೊದಿಸಿ, ಅಮ್ಮನ ಬಗ್ಗೆ ಮೈಕಿನಲ್ಲಿ ಒಂದು ಮಾತು ಹೇಳಿ ಇಳಿಯುತ್ತಿದ್ದರು. ನಸೀಬ್ ಕೌರ್ ಹೆಸರು ಬಂತು. ಯಾರೂ ಎದ್ದು ಬರಲಿಲ್ಲ. ಆಕೆ ಬಾಗನ್ನು ಮಡಿಲಲ್ಲಿಟ್ಟುಕೊಂಡು ನೇರ ಕೂತಿದ್ದಳು. ಮಗಳನ್ನು ಹುಡುಕುವ ಕಣ್ಣು ಕೂಡ ಇಲ್ಲವಲ್ಲ ಆಕೆಗೆ. ಹೆಸರು ಮತ್ತೊಮ್ಮೆ ಕರೆದರು. ನಾನು ಮೂರನೇ ಸಾಲಿನಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡೆ.

ಹಿಂದಿನ ಬಾಗಿಲ ಕಡೆಯಿಂದ ಒಬ್ಬಳು ನಡೆದು ಬಂದಳು. ಶನಿವಾರವೂ ಕೆಲಸವಿತ್ತೇನೋ, ಆಫೀಸಿನ ಕೋಟು, ಕೊರಳಲ್ಲಿ ಗುರುತಿನ ಪಟ್ಟಿ. ತೆಗೆಯಲು ಮರೆತಿರಬೇಕು. ಮೆಟ್ಟಿಲು ಹತ್ತಿದಳು. ತಾಯಿಯ ಮಡಿಲಿನಿಂದ ಬಾಗ್ ತೆಗೆದುಕೊಂಡಳು. ಹೊದಿಸಬೇಕೆಂದು ಕೊಡವಿ ಬಿಚ್ಚಿದವಳು ಹೊದಿಸಲಿಲ್ಲ ಅಕ್ಕಾ. ಅವಳ ಕೈ ನೇರ ಕೆಳಗಿನ ಮೂಲೆಗೆ ಹೋಯಿತು. ತಿರುಗಿಸಿ ಇನ್ನೊಂದು ಮೂಲೆ ನೋಡಿದಳು. ಮತ್ತೆ ಮೊದಲಿನದನ್ನೇ ನೋಡಿದಳು.

"ನನ್ನ ನೀಲಿ ಎಲ್ಲಿ?"

ಮೈಕು ಪಕ್ಕದಲ್ಲೇ ಇತ್ತು. ಆರು ವರ್ಷದ ಮೇಲೆ ತಾಯಿಗೆ ಆಡಿದ ಮೊದಲ ಮಾತು ಇಡೀ ಹಾಲಿಗೆ ಕೇಳಿಸಿತು. ಪಂಜಾಬಿಯಾದರೂ ಹಿಂದಿಗೆ ಹತ್ತಿರದ ಮಾತು, ನನಗೂ ತಿಳಿಯಿತು.

ಮಗಳಿಗೆ ನೆನಪಿತ್ತು. ನೆನಪಿರುವುದಿಲ್ಲ ಎಂದಿದ್ದಳಲ್ಲ ನಸೀಬ್! ಅವಳಿಗೆ ಆ ಮೂಲೆ ಯಾವುದು ಎನ್ನುವುದೂ ನೆನಪಿತ್ತು. ನನ್ನ ಎದೆ ಹಾರಿತು, ಆ ಕ್ಷಣವೇ ಕುಸಿಯಿತು. ಅವಳು ಇಷ್ಟು ವರ್ಷ ನೆನಪಿಟ್ಟುಕೊಂಡದ್ದನ್ನು ಕಸದ ಡಬ್ಬಿಗೆ ಹಾಕಿದವಳು ನಾನಲ್ಲವೇ?

ನಸೀಬ್ ಒಂದು ಗಳಿಗೆ ಕೂಡ ತಡೆಯಲಿಲ್ಲ. "ನಾನೇ ತೆಗೆದೆ" ಎಂದಳು. "ಹಳೇದಾಗಿತ್ತು. ಮನೆಗೆ ಬಂದು ಹೊಸದಾಗಿ ಹಾಕು ಅಂತ ತೆಗೆದೆ."

ರವ್ನೀತ್ ಆ ಮೂಲೆಯ ಮೇಲೆ ಬೆರಳಾಡಿಸಿದಳು. ತಾಯಿ ಆಡಿಸಿದ್ದಳಲ್ಲ, ಥೇಟ್ ಹಾಗೆಯೇ. "ಸುಳ್ಳು" ಎಂದಳು. "ಇದು ನಿನ್ನ ಹೊಲಿಗೆ ಅಲ್ಲ ಮಮ್ಮಿ. ನಿನ್ನ ಕೈ ನನಗೆ ಗೊತ್ತಿಲ್ವಾ?"

ಹೇಳುತ್ತ ಹೇಳುತ್ತ ಅವಳ ದನಿ ಒಡೆಯಿತು. ನಾನು ಎದ್ದು ನಿಂತಿದ್ದೆ. ಯಾವಾಗ ನಿಂತೆನೋ ಗೊತ್ತಿಲ್ಲ. "ನಾನು ತೆಗೆದದ್ದು" ಎಂದೆ. ಹಿಂದಿಯಲ್ಲಿ ಹೇಳಿದೆನೋ ಕನ್ನಡದಲ್ಲೋ, ಅದೂ ಗೊತ್ತಿಲ್ಲ. ಆ ಹುಡುಗಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ನನಗೆ ಸಲ್ಲಬೇಕಾದದ್ದೇ. ಆದರೆ ಅದು ನನ್ನ ಮೇಲೆ ಬಹಳ ಹೊತ್ತು ನಿಲ್ಲಲಿಲ್ಲ. ಅವಳು ತಾಯಿಯ ಪೀಠದ ಪಕ್ಕ ನೆಲಕ್ಕೆ ಕೂತು, ಬಾಗಿನ ಸಮೇತ ಮುಖವನ್ನು ಆ ಮಡಿಲಲ್ಲಿ ಇಟ್ಟಳು.

ಪುಣ್ಯಾತ್ಗಿತ್ತಿ ಯಾರೋ ಮೈಕು ಆರಿಸಿದಳು. ತಾಯಿ ಬಗ್ಗಿ ಮಗಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ತುಟಿ ಅಲ್ಲಾಡುವುದು ಮಾತ್ರ ಕಂಡಿತು. ಬಹಳ ಹೊತ್ತು ಹೇಳಿದಳು. ಏನು ಹೇಳಿದಳೆಂದು ನಾನು ಇವತ್ತಿಗೂ ಕೇಳಿಲ್ಲ. ಸುತ್ತಲಿನ ಹೆಂಗಸರು ಅವರಿಬ್ಬರಿಗೆ ಬೆನ್ನು ಮಾಡಿ ಗುಂಡಗೆ ನಿಂತು, ಮೆಲ್ಲಗೆ ಚಪ್ಪಾಳೆ ಸುರುಮಾಡಿದರು. ಅಳುವ ಸದ್ದು ಹೊರಗೆ ಕೇಳದಿರಲಿ ಎಂದಿರಬೇಕು.

ನಸೀಬ್ ಮಗಳ ಕಾರಿನಲ್ಲಿ ಹೋದಳು. ನಾನು ಒಬ್ಬಳೇ ವಾಪಸು ಬಂದೆ. ಆ ಅರಳೆಯ ಮಧ್ಯೆ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಹೇಗೆ ಕಾರು ಓಡಿಸಿದೆನೋ.

ಆಮೇಲೆ ಎರಡು ವಾರ ಸುದ್ದಿಯಿಲ್ಲ. ನಾನಾಗಿ ಹೋಗಲು ಮುಖವಿರಲಿಲ್ಲ. ನಿನ್ನೆ ಶನಿವಾರ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ನಸೀಬ್! ನನ್ನ ಕಿವಿಯ ಪಕ್ಕದ ಗೋಡೆ ನೋಡುತ್ತ ನಿಂತಿದ್ದಾಳೆ. "ಚಹಾ ಇಟ್ಟಿದ್ದೀನಿ, ಬಾ" ಎಂದು ಕೈ ಹಿಡಿದು ಎಳೆದುಕೊಂಡೇ ಹೋದಳು.

ಅವರ ಮನೆಯ ಪರದೆಗಳೆಲ್ಲ ತೆರೆದಿದ್ದವು. ಸೋಫಾದ ಮೇಲೆ ಒಂದು ಪುಟ್ಟ ಹುಡುಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ನೆಲದ ಮೇಲೆ ರವ್ನೀತ್, ಮೊಣಕಾಲ ಮೇಲೆ ಬಾಗ್ ಬೋರಲಾಗಿ ಹರಡಿದೆ. ನನ್ನ ಹಳದಿ ಅಷ್ಟೂ ಬಿಚ್ಚಿ ಪಕ್ಕದಲ್ಲಿ ರಾಶಿ ಬಿದ್ದಿತ್ತು. ಸೂಜಿಯಲ್ಲಿ ನೀಲಿ ದಾರ. ಅವಳಿಗೆ ಅಭ್ಯಾಸ ಎಲ್ಲಿಂದ ಬರಬೇಕು? ಒಂದು ಎಳೆ ಉದ್ದ, ಒಂದು ಗಿಡ್ಡ, ನಡುವೆ ಬಟ್ಟೆ ಹಿಡಿದುಕೊಂಡು ಸುಕ್ಕಾಗಿದೆ. ದೇವರಾಣೆ ಅಕ್ಕಾ, ನನ್ನ ಬೆರಳು ನವೆಯಾಡಿದವು.

ಕಣ್ಣು ಕಾಣದ ಆ ಹೆಂಗಸಿಗೆ ಅದು ಹೇಗೆ ಗೊತ್ತಾಯಿತೋ. ನನ್ನ ಭುಜ ಹಿಡಿದು ಕಿಟಕಿಯ ಕಡೆ ತಿರುಗಿಸಿ ಕೂರಿಸಿದಳು. ಕೈಗೆ ಚಹಾದ ಲೋಟ ಕೊಟ್ಟಳು.

"ನೀನು ಆ ಕಡೆ ನೋಡ್ಕೊಂಡು ಕುಡಿ" ಎಂದಳು.

ನಿನ್ನ
ರಾಜಿ